ಕೊನೆಯ ಸಾಲಿನ ಕೂಗು

ಪತ್ರಿಕೆಯಲ್ಲಿ ‘ಅಂಕಿತ’ ಕಣ್ಣಿಗೆ ಬಿದ್ದರೆ ಪಕ್ಕದಲ್ಲೇ ರಾಜ್ಯಪಾಲರೋ ರಾಷ್ಟ್ರಪತಿಗಳೋ ಇರುತ್ತಾರೆ. ಮಸೂದೆಗೆ ಅಂಕಿತ ಬಿತ್ತು, ಅಂಕಿತಕ್ಕೆ ಕಾದಿದೆ, ಅಂಕಿತವಿಲ್ಲದೆ ವಾಪಸು ಬಂತು. ಅಂಕ ಎಂದರೆ ಗುರುತು, ಗುರುತು ಬಿದ್ದದ್ದು ಅಂಕಿತ. ವಚನದ ಪಾಠಕ್ಕೆ ಬಂದರೂ ಮೇಷ್ಟ್ರು ಇದೇ ಅರ್ಥ ಹಿಡಿದು ‘ಅಂಕಿತ ಅಂದರೆ ವಚನಕಾರರ ಸಹಿ’ ಎಂದು ಬರೆಸುತ್ತಾರೆ. ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ: ಸಿದ್ಧರಾಮ, ಕಪಿಲಸಿದ್ಧಮಲ್ಲಿಕಾರ್ಜುನ. ಒಂದು ಅಂಕ!

ಸಹಿ ಎಂದರೆ ತನ್ನ ಹೆಸರಲ್ಲವೆ? ಸೊಲ್ಲಾಪುರದ ಸಿದ್ಧರಾಮ ಅಲ್ಲಿ ಹಾಕಿದ್ದು ದೇವರ ಹೆಸರು. ಅದೂ ಹೆಚ್ಚಿನ ಕಡೆ ಸಂಬೋಧನೆಯಲ್ಲಿ: ಮಲ್ಲಿಕಾರ್ಜುನಾ, ಅಯ್ಯಾ. ರುಜು ಹಾಕುವವನು ಯಾರನ್ನೂ ಕರೆಯುವುದಿಲ್ಲ. ವಚನದ ಕೊನೆಯಲ್ಲಿ ಒಬ್ಬ ಇನ್ನೊಬ್ಬನನ್ನು ಕರೆಯುತ್ತಿದ್ದಾನೆ.

ಆ ಕರೆಯ ಮೂಲ ಬೇಕಾದರೆ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ಕ್ಕೆ ಹೋಗಬೇಕು. ಸೊಲ್ಲಾಪುರ ಆಗ ಸೊನ್ನಲಿಗೆ. ದನ ಕಾಯುವ ಹುಡುಗನ ಮುಂದೆ ಮಲ್ಲಯ್ಯ ಜಂಗಮ ವೇಷದಲ್ಲಿ ಬಂದು ಹೊಟ್ಟೆಗೆ ಬೇಡುತ್ತಾನೆ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಆಸಾಮಿ ನಾಪತ್ತೆ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ ಹುಡುಗ ಯಾತ್ರಿಕರ ಬೆನ್ನು ಹತ್ತಿ ಶ್ರೀಶೈಲಕ್ಕೇ ಹೋಗುತ್ತಾನೆ. ಅಲ್ಲಿ ಲಿಂಗ ತೋರಿಸಿ ಇವನೇ ಮಲ್ಲಯ್ಯ ಅಂದರೆ ಒಪ್ಪುವುದಿಲ್ಲ. ಅವನಿಗೆ ಬೇಕಾದ್ದು ಹೊಲದಲ್ಲಿ ಮಾತಾಡಿಸಿದ ಮಲ್ಲಯ್ಯ. ಕೊನೆಗೆ ಕಮರಿಗೆ ಬೀಳಲು ಹೊರಟಾಗಲೇ ದೇವರು ಕೈಹಿಡಿಯುವುದು. ದೇವರ ಹೆಸರಿನ ಮಡಿ ಅಂದರೆ ಮೆಲುದನಿ, ಮುಚ್ಚಿದ ಕಣ್ಣು ಎಂದುಕೊಂಡವರು ಈ ಪ್ರಸಂಗ ಓದಬೇಕು. ಇಲ್ಲಿ ಮಡಿಯಿರುವುದು ಗಂಟಲಲ್ಲಿ ಅಲ್ಲ, ಕರೆದರೆ ಅವನು ತಿರುಗಿ ನೋಡಿಯೇ ನೋಡುತ್ತಾನೆ ಎಂಬ ಹಟದಲ್ಲಿ.

ಇದೇ ಸೊಲ್ಲಾಪುರ ಜಿಲ್ಲೆಯಲ್ಲಿ ಪಂಢರಪುರವೂ ಇದೆ. ಅಲ್ಲಿನ ಅಭಂಗಗಳಲ್ಲಿ ‘ತುಕಾ ಮ್ಹಣೆ’, ‘ನಾಮಾ ಮ್ಹಣೆ’ ಎಂದು ಸಂತರು ತಮ್ಮ ಹೆಸರನ್ನೇ ಇಡುತ್ತಾರೆ. ಮರಾಠಿಗರು ಅದನ್ನು ನಾಮಮುದ್ರೆ ಅನ್ನುತ್ತಾರೆ. (ಜ್ಞಾನದೇವರು ಮಾತ್ರ ಎಷ್ಟೋ ಕಡೆ ರಖುಮಾದೇವಿಯ ಗಂಡ ವಿಠ್ಠಲನ ಹೆಸರಿನಲ್ಲೇ ಮುಗಿಸುತ್ತಾರೆ.) ಅದೇ ವಿಠ್ಠಲ ಕನ್ನಡದ ದಾಸರಿಗೆ ಅಂಕಿತವೇ ಆಗಿಬಿಟ್ಟ: ಪುರಂದರವಿಠಲ, ವಿಜಯವಿಠಲ. ದಾಸಪಂಥದಲ್ಲಿ ಅಂಕಿತವನ್ನು ತಾನೇ ಆರಿಸಿಕೊಳ್ಳುವಂತೆಯೂ ಇಲ್ಲ, ಗುರು ಕೊಡಬೇಕು. ‘ಅವರಿಗೆ ಅಂಕಿತ ಆಗಿದೆ’ ಅಂದರೆ ದೀಕ್ಷೆ ಆಗಿದೆ ಎಂದೇ ಅರ್ಥ.

ಇಷ್ಟು ಬೇರುಬಿಟ್ಟ ಹೆಸರನ್ನು ಬದಲಿಸಿದರೆ ಏನಾಗುತ್ತದೆಂದು ಕನ್ನಡಿಗರು ಕಂಡಿದ್ದಾರೆ. ಮಾತೆ ಮಹಾದೇವಿಯವರು ತಾವು ಸಂಪಾದಿಸಿದ ವಚನ ಪುಸ್ತಕದಲ್ಲಿ ಬಸವಣ್ಣನ ‘ಕೂಡಲಸಂಗಮದೇವ’ವನ್ನು ತೆಗೆದು ‘ಲಿಂಗದೇವ’ ಎಂದು ಅಚ್ಚು ಹಾಕಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧ ನನಗೆ ಎಂದೂ ರುಚಿಸಿಲ್ಲ. ಆದರೂ ಒಬ್ಬ ಕರೆದ ಹೆಸರನ್ನು ಇನ್ನೊಬ್ಬರು ತಿದ್ದುವುದು ಅದಕ್ಕಿಂತ ಕಸಿವಿಸಿಯ ಕೆಲಸ. ಲಿಂಗದೇವ ಎಂಬ ಹೆಸರಿನಲ್ಲಿ ಕುಂದೇನಿಲ್ಲ. ಆದರೆ ಬಸವಣ್ಣ ಆ ವಚನಗಳಲ್ಲಿ ಕರೆದದ್ದು ಕೂಡಲಸಂಗಮನನ್ನು.

ತನ್ನ ಹೆಸರು ಬಿಟ್ಟ ಸಿದ್ಧರಾಮನಿಗೆ ಊರು ಬಡ್ಡಿ ಸಮೇತ ತೀರಿಸಿದೆ. ಅಲ್ಲಿ ಅವನು ಸಿದ್ಧೇಶ್ವರ. ಸೊಲ್ಲಾಪುರದಲ್ಲಿ ಸಕ್ಕರೆ ಕಾರ್ಖಾನೆ ಸಿದ್ಧೇಶ್ವರ, ಎಪಿಎಂಸಿ ಸಿದ್ಧೇಶ್ವರ, ರಾತ್ರಿ ಮುಂಬೈಗೆ ಹೊರಡುವ ರೈಲೂ ಸಿದ್ಧೇಶ್ವರ. ‘ಸಿದ್ಧೇಶ್ವರ ಲೇಟ್ ಐತಿ’ ಅನ್ನುವುದು ಅಲ್ಲಿ ದೈವನಿಂದೆಯಲ್ಲ. ಆ ಬಾಯಿಗಳೇ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಬೇರೆಯಾಗುತ್ತವೆ. ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದಾರಿ ಹಿಡಿದಾಗ, ಕನ್ನಡ, ಮರಾಠಿ, ತೆಲುಗು ಮಂದಿಯೆಲ್ಲ ‘ಹರ್ರ ಬೋಲಾ ಹರ್ರ’ ಎಂದು ಕೂಗುತ್ತಾರೆ. ಪುಸ್ತಕದ ‘ಹರ’ನಿಗೆ ಒಂದೇ ರಕಾರ. ಬೀದಿಗೆ ಅದು ಸಾಲದು. ನಂದಿಧ್ವಜದ ಉದ್ದನೆಯ ಕೋಲನ್ನು ಸೊಂಟಕ್ಕೆ ಆನಿಸಿ ನಿಂತವನಿಗೆ ಒತ್ತಕ್ಷರವೇ ಆಸರೆ.

ಅದೇ ಜಿಲ್ಲೆಯ ಅಕ್ಕಲಕೋಟೆಗೆ ಬಂದರೆ ಮಾತು ಇನ್ನೂ ಬೇರೆ. 1878ರಲ್ಲಿ ಅಲ್ಲಿ ದೇಹ ಬಿಟ್ಟ ಸ್ವಾಮಿಗಳ ಹುಟ್ಟುಹೆಸರಿನ ಗೊಡವೆ ಭಕ್ತರಿಗಿಲ್ಲ. ಸ್ವಾಮಿ, ಸಮರ್ಥ ಎಂಬ ಎರಡು ಬಿರುದುಗಳೇ ಹೆಸರಾಗಿ, ಜಪವಾಗಿ ನಿಂತಿವೆ. ವಟವೃಕ್ಷದ ಗುಡಿಯಲ್ಲಿ ಮಾತ್ರವಲ್ಲ, ಎದುರಾದಾಗ ನಮಸ್ಕಾರಕ್ಕೆ ಅದೇ, ಫೋನ್ ಎತ್ತಿದರೂ ಅದೇ. ತಾಲ್ಲೂಕಿನ ಹಳ್ಳಿಗಳ ಕನ್ನಡದಲ್ಲಿ ಅದು ಒಂದೇ ಉಸಿರಿಗೆ ಬರುತ್ತದೆ: ‘ಶ್ರೀ ಸ್ವಾಮಿ ಸಮರ್ಥ, ಯಾರ್ ಮಾತಾಡೂದ್ರಿ? ಹಾಂ, ತೊಗರಿ ರೇಟ್ ಇವತ್ತೇನ್ ನಡದೈತಿ?’