ಮುಖ ಮರೆಸುವ ಕೈಗಡಿಯಾರ

ಸ್ವಿಟ್ಜರ್ಲೆಂಡಿನ ಹೆಸರಾಂತ ದುಬಾರಿ ಕೈಗಡಿಯಾರವೊಂದರ ಹುಟ್ಟಿಗೆ ನಮ್ಮ ದೇಶದ ಆಟದ ಬಯಲು ಕಾರಣವಾಯಿತೆಂದರೆ ಓದುಗರಿಗೆ ಆಶ್ಚರ್ಯವಾದೀತು. ಜೇಗರ್-ಲಕೂಲ್ಟ್ರ್ ಸಂಸ್ಥೆಯ ‘ರಿವರ್ಸೊ’ ಆ ಗಡಿಯಾರ. 1931ರ ಗಡಿಯಾರವನ್ನೂ ಇಂದಿನದನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದೇ ಮನೆಯ ಮಕ್ಕಳೆಂದು ಯಾರಾದರೂ ಹೇಳಬಲ್ಲರು. ಆದರೂ ಅದರಲ್ಲಿ ಬದಲಾಗದೆ ಉಳಿದ ಭಾಗಗಳು ಬಹಳ ಕಡಿಮೆ. ಈ ವಿಚಿತ್ರ ಹೇಗಾಯಿತೆಂಬುದನ್ನು ನೋಡೋಣ.

ಕುದುರೆಯೇರಿ ಕೋಲಿನಿಂದ ಚೆಂಡು ಹೊಡೆಯುವ ಪೋಲೋ ಆಟವನ್ನು ಇಂಗ್ಲಿಷರು ಕಲಿತದ್ದು ಮಣಿಪುರದವರಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅವರ ಸೈನ್ಯದ ಅಧಿಕಾರಿಗಳ ನೆಚ್ಚಿನ ಆಟವಾಯಿತು. ಕೋಲಿನ ಏಟಿಗೋ ಚೆಂಡಿನ ಏಟಿಗೋ ಕೈಗಡಿಯಾರದ ಗಾಜು ಒಡೆಯುವುದು ಸಾಮಾನ್ಯವಾಗಿತ್ತು. 1930ರ ಸುಮಾರಿಗೆ ಭಾರತಕ್ಕೆ ಬಂದಿದ್ದ ಸೇಜಾರ್ ದ ತ್ರೇ ಎಂಬ ಸ್ವಿಸ್ ವ್ಯಾಪಾರಿಗೆ ಅಧಿಕಾರಿಯೊಬ್ಬರು ತಮ್ಮ ಒಡೆದ ಗಡಿಯಾರವನ್ನು ತೋರಿಸಿ, ಆಟದ ಏಟು ತಡೆಯುವ ಗಡಿಯಾರ ಬೇಕೆಂದು ಕೇಳಿದರೆಂದು ಸಂಸ್ಥೆಯವರು ಹೇಳಿಕೊಂಡು ಬಂದಿದ್ದಾರೆ.

ದ ತ್ರೇ ಈ ಮಾತನ್ನು ಗಡಿಯಾರ ತಯಾರಕ ಜಾಕ್-ದಾವಿದ್ ಲಕೂಲ್ಟ್ರ್ ಅವರ ಕಿವಿಗೆ ಹಾಕಿದರು. ಉಪಾಯ ಹೂಡಿದವರು ರನೆ-ಅಲ್ಫ್ರೆಡ್ ಶೋವೊ. 1931ರ ಮಾರ್ಚ್ 4ರಂದು ಪ್ಯಾರಿಸ್ಸಿನಲ್ಲಿ ಅವರು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಆಯತಾಕಾರದ ಗಡಿಯಾರವನ್ನು ಅದರ ಚೌಕಟ್ಟಿನಲ್ಲಿ ಪಕ್ಕಕ್ಕೆ ಜಾರಿಸಿ ಮಗುಚಿದರೆ ಗಾಜಿನ ಮುಖ ಕೆಳಗಾಗಿ, ಲೋಹದ ಬೆನ್ನು ಮೇಲಾಗುತ್ತದೆ. ಏಟು ಬಿದ್ದರೆ ಬೆನ್ನಿಗೆ!

ಮೊದಲ ಗಡಿಯಾರಗಳ ಒಳಗಿನ ಯಂತ್ರ ಲಕೂಲ್ಟ್ರ್ ಅವರದಾಗಿರಲಿಲ್ಲ. ತಾವಾನ್ ಎಂಬ ಬೇರೊಂದು ಕಾರ್ಖಾನೆಯಿಂದ ತರಿಸಿದ್ದು. 1933ರಲ್ಲಿ ಅವರದೇ ಯಂತ್ರ ಬಂದಿತು. ಹೊರಗೆ ರೂಪ ಮಾತ್ರ ಹಾಗೆಯೇ ಇದ್ದಿತು.

ಎರಡನೆಯ ಮಹಾಯುದ್ಧದ ನಂತರ ಜನರ ಒಲವು ದುಂಡು ಗಡಿಯಾರಗಳತ್ತ ಹರಿಯಿತು. ರಿವರ್ಸೊ ತಯಾರಿಕೆ ನಿಂತಿತು. 1969ರಲ್ಲಿ ಜಪಾನಿನ ಕ್ವಾರ್ಟ್ಸ್ ಗಡಿಯಾರ ಮಾರುಕಟ್ಟೆಗೆ ಬಂದ ಮೇಲಂತೂ ಸ್ವಿಸ್ ಕಾರ್ಖಾನೆಗಳು ತತ್ತರಿಸಿದವು. ಇಂಥ ಹೊತ್ತಿನಲ್ಲಿ, 1972ರಲ್ಲಿ, ಜಾರ್ಜೊ ಕೊರ್ವೊ ಎಂಬ ಇಟಲಿಯ ವ್ಯಾಪಾರಿ ಕಾರ್ಖಾನೆಯಲ್ಲಿ ಉಳಿದುಹೋಗಿದ್ದ 200 ಖಾಲಿ ಕವಚಗಳನ್ನು ಕೊಂಡರು. ಅವುಗಳಿಗೆ ಯಂತ್ರ ಕೂಡಿಸಿ ಮಾರಿದಾಗ ಎಲ್ಲವೂ ಬೇಗನೆ ಖರ್ಚಾದವು. ತಯಾರಿಸಿದವರೇ ಮರೆತದ್ದನ್ನು ಮಾರುವವನೊಬ್ಬ ನೆನಪಿಟ್ಟಿದ್ದರಿಂದ ಗಡಿಯಾರ ಬದುಕಿತು.

ಮುಂದಿನ ಸುಧಾರಣೆ ನಡೆದದ್ದು 1985ರಲ್ಲಿ. ಹಳೆಯ ಕವಚದೊಳಗೆ ನೀರು, ಧೂಳು ಸುಲಭವಾಗಿ ನುಗ್ಗುತ್ತಿದ್ದವು. ಎಂಜಿನಿಯರ್ ಡೇನಿಯಲ್ ವಿಲ್ಡ್ ಐವತ್ತಕ್ಕೂ ಹೆಚ್ಚು ಬಿಡಿಭಾಗಗಳ ಹೊಸ ಕವಚವನ್ನು ರೂಪಿಸಿ ಈ ದೋಷ ನೀಗಿಸಿದರು. ಮೇಲೂ ಕೆಳಗೂ ಇದ್ದ ಮೂರು ಮೂರು ಗೆರೆಗಳು, ಆಯತಾಕಾರ, ಜಾರಿ ಮಗುಚುವ ರೀತಿ, ಇವನ್ನು ಮಾತ್ರ ಮುಟ್ಟಲಿಲ್ಲ. 1994ರಲ್ಲಿ ಬಂದ ‘ಡ್ಯುಯೊಫೇಸ್’ನಲ್ಲಿ ಒಂದೇ ಯಂತ್ರ ಎರಡು ಮುಖಗಳನ್ನು ನಡೆಸುತ್ತದೆ: ಒಂದು ಕಡೆ ಇಲ್ಲಿಯ ವೇಳೆ, ಮಗುಚಿದರೆ ಬೇರೊಂದು ದೇಶದ್ದು. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ, ಅಲ್ಲೀಗ ಹಗಲೋ ಇರುಳೋ ಎಂದು ಬೆರಳೆಣಿಸುವ ನಮ್ಮಂಥವರಿಗೆ ಇದರ ಅನುಕೂಲ ಬಿಡಿಸಿ ಹೇಳಬೇಕಾಗಿಲ್ಲ. ಬೆಲೆ ಲಕ್ಷಗಟ್ಟಲೆ ಎಂಬುದು ಬೇರೆ ಮಾತು.

2011ರಲ್ಲಿ, ಎಂಬತ್ತು ವರ್ಷ ತುಂಬಿದಾಗ, ಸಂಸ್ಥೆ ಮೊದಲ ಮಾದರಿಗೆ ಗೌರವವಾಗಿ ತೆಳುವಾದ ಗಡಿಯಾರವೊಂದನ್ನು ಹೊರತಂದಿತು. ಅದರ ಮುಖದ ಮೇಲೆ ಸಂಸ್ಥೆಯ ಹೆಸರಿಲ್ಲ, ‘ರಿವರ್ಸೊ’ ಎಂದಷ್ಟೇ ಇದೆ. ಬೆಂಗಳೂರಿನ ಎಚ್.ಎಂ.ಟಿ.ಗೆ ದಿನಾ ಕೀಲಿ ಕೊಟ್ಟು ಅಭ್ಯಾಸವಾದ ನಮಗೆ ಪರಿಚಿತವಾದ ಇನ್ನೊಂದು ಗುಣವೂ ಉಂಟು: ರಿವರ್ಸೊದ ಹಲವು ಮಾದರಿಗಳಿಗೆ ಇಂದಿಗೂ ಕೈಯಿಂದಲೇ ಕೀಲಿ ಕೊಡಬೇಕು.

ಸುಲಭವಾಗಿ ಗೀರು ಬೀಳದ ಸಫೈರ್ ಗಾಜು ಬಂದ ಮೇಲೆ ಮುಖ ಮರೆಸಿ ಕಾಪಾಡುವ ಅಗತ್ಯ ಅಷ್ಟಾಗಿ ಉಳಿದಿಲ್ಲ. ಆದರೂ ಮಗುಚುವುದು ನಿಂತಿಲ್ಲ. ಏಟಿಗೆ ಒಡ್ಡಲೆಂದು ಮಾಡಿದ ಬೆನ್ನಿನ ಮೇಲೆ ಕೊಂಡವರು ಈಗ ಹೆಸರನ್ನೋ ನೆನಪಿನ ತಾರೀಖನ್ನೋ ಕೆತ್ತಿಸುತ್ತಾರೆ. ಯಂತ್ರ ಬದಲಾಯಿತು, ಕವಚ ಬದಲಾಯಿತು, ಹುಟ್ಟಿಗೆ ಕಾರಣವಾದ ಅಗತ್ಯವೇ ಕರಗಿತು. ಆ ಒಂದು ಹೊರಳು ಮಾತ್ರ ಉಳಿದುಕೊಂಡು, ಗಡಿಯಾರವನ್ನೂ ಉಳಿಸಿತು.