ಕ್ಯಾಂಪ್ಟೊಥೆಸಿನ್ ಮತ್ತು ಪಾಲಿಮರ್ ಮಿಸೆಲ್: ಇತಿಹಾಸ

ಕ್ಯಾಂಪ್ಟೊಥೆಸಿನ್ ಎಂಬುದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ, ಆದರೆ ನೀರಿನಲ್ಲಿ ಕರಗದ ಸಸ್ಯಜನ್ಯ ಆಲ್ಕಲಾಯ್ಡ್. ಶಿರಸಿ ಸೀಮೆಯೂ ಸೇರಿದಂತೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ದುರ್ವಾಸನೆ ಮರ ಇದರ ಮುಖ್ಯ ಆಕರಗಳಲ್ಲೊಂದು. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಇದನ್ನು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಘಟ್ಟದ ಮರದಲ್ಲೂ ಇದೇ ವಸ್ತುವನ್ನು ಕಂಡರು. ಹಳೆಯ ಲೇಖನಗಳ ಮ್ಯಾಪಿಯ ಫೀಟಿಡ, ಇಂದಿನ ನೋಥಪೊಡೈಟಿಸ್ ನಿಮ್ಮೋನಿಯಾನ ಎರಡೂ ಘಟ್ಟದ ಈ ಒಂದೇ ಮರದ ಹೆಸರುಗಳು. ಇದು ತಿಳಿಯದೆ ಎರಡು ಆಕರಗಳೆಂದು ಎಣಿಸುವವರಿದ್ದಾರೆ.

ರೋಗಿಗಳ ಮೇಲೆ 1970ರ ದಶಕದ ಆರಂಭದಲ್ಲಿ ನಡೆದ ಪ್ರಯೋಗಗಳು ಔಷಧದ ವಿಷಗುಣದ ಕಾರಣಕ್ಕೆ ನಿಂತವು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಔಷಧವನ್ನು ಕರಗಿಸಲೆಂದು ಅದನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಲಾಗಿತ್ತು. ಹಾಗೆ ಮಾಡಿದಾಗ ಅಣುವಿನ ಲ್ಯಾಕ್ಟೋನ್ ಉಂಗುರ ತೆರೆದುಕೊಂಡು ಔಷಧದ ಬಲ ಕುಂದುತ್ತಿತ್ತು. ಆಮ್ಲೀಯ ಮೂತ್ರದಲ್ಲಿ ಅದೇ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಗೆಡ್ಡೆಯ ಬಳಿ ದುರ್ಬಲವಾಗಿದ್ದ ಔಷಧ ಮೂತ್ರಕೋಶದಲ್ಲಿ ಪ್ರಬಲವಾಗಿ ರೋಗಿಗಳಿಗೆ ರಕ್ತಮೂತ್ರ ತಂದಿತು. ಕರಗಿಸಿದ ಬಗೆಯೇ ಈ ಸೋಲಿಗೆ ದೊಡ್ಡ ಕಾರಣ. ಕ್ಯಾಂಪ್ಟೊಥೆಸಿನ್ ಡಿಎನ್ಎಯ ತಿರುಚು ಬಿಡಿಸುವ ಟೊಪೊಐಸೊಮರೇಸ್-1 ಕಿಣ್ವವನ್ನು ಹಿಡಿಯುತ್ತದೆ ಎಂಬುದು 1985ರಲ್ಲಿ ತಿಳಿದ ಮೇಲೆ ಆಸಕ್ತಿ ಮರಳಿತು. ನೀರಿನಲ್ಲಿ ಕರಗುವ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಮಿಸೆಲ್ ಮಾರ್ಗ ಬೇರೆ. ನೀರಿಗೆ ಒಗ್ಗುವ ಮತ್ತು ಒಗ್ಗದ ತುಂಡುಗಳನ್ನು ಜೋಡಿಸಿದ ಪಾಲಿಮರ್ ಸರಪಳಿಗಳು, ಸಾಬೂನು ಜಿಡ್ಡನ್ನು ಸುತ್ತುವಂತೆ, ಔಷಧವನ್ನು ಒಳಗಿಟ್ಟುಕೊಂಡು ಗುಂಡಗಾಗುತ್ತವೆ. ಇಂಥ ಕಣಗಳ ಗಾತ್ರ ಸಾಮಾನ್ಯವಾಗಿ 10ರಿಂದ 100 ನ್ಯಾನೊಮೀಟರ್. ಒಳಗಿರುವ ತನಕ ಉಂಗುರಕ್ಕೆ ರಕ್ಷಣೆ. ಜಪಾನಿನ ಎನ್‌ಕೆ012 ಎಂಬ ಮಿಸೆಲ್‌ನಲ್ಲಿ ಇರಿನೊಟೆಕಾನಿನ ಸಕ್ರಿಯ ರೂಪವಾದ ಎಸ್ಎನ್-38 ಅನ್ನು ಪಾಲಿಮರ್‌ಗೇ ಬೆಸೆಯಲಾಗಿದೆ. 2006ರಲ್ಲಿ ಪ್ರಾಣಿಗಳ ಮೇಲಿನ ಫಲಿತಾಂಶ ಪ್ರಕಟವಾಗಿ, ಮುಂದೆ ರೋಗಿಗಳ ಮೇಲೂ ಪ್ರಯೋಗ ನಡೆಯಿತು.

ಗೊಂದಲ ಹೆಚ್ಚಿರುವುದು ಯಾವುದು ಮಿಸೆಲ್, ಯಾವುದು ಅಲ್ಲ ಎಂಬಲ್ಲೇ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒನಿವೈಡ್ ಮಿಸೆಲ್ ಅಲ್ಲ, ಇರಿನೊಟೆಕಾನ್ ತುಂಬಿದ ಲಿಪೊಸೋಮ್, ಅಂದರೆ ಕೊಬ್ಬಿನ ಪದರದ ಕಿರುಚೀಲ. ಸಿಆರ್‌ಎಲ್‌ಎಕ್ಸ್101 ಸೈಕ್ಲೊಡೆಕ್ಸ್‌ಟ್ರಿನ್ ಪಾಲಿಮರ್ ಕಣ; ಅದೂ ಮಿಸೆಲ್ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಪರವಾನಗಿ ಪಡೆದ ಜೆನೆಕ್ಸಾಲ್-ಪಿಎಂ ನಿಜವಾದ ಪಾಲಿಮರ್ ಮಿಸೆಲ್; ಆದರೆ ಅದು ಹೊರುವುದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಬೇರೆ ಔಷಧವನ್ನು. ಮೂರನ್ನೂ ಒಂದೇ ಸಾಲಿನಲ್ಲಿ ಹೇಳಿದರೆ ಕ್ಯಾಂಪ್ಟೊಥೆಸಿನ್ ಮಿಸೆಲ್ ಆಗಲೇ ಆಸ್ಪತ್ರೆಗೆ ಬಂದಿದೆ ಎಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ.

ಔಷಧ ಸಾಗಣೆಯ ಚರಿತ್ರೆ ಬರೆಯುವವರು ಮರವನ್ನು ಮರೆಯುವುದೇ ಹೆಚ್ಚು. ಇರಿನೊಟೆಕಾನ್, ಟೊಪೊಟೆಕಾನ್‌ಗಳನ್ನು ಗಿಡದಿಂದ ತೆಗೆದ ಕ್ಯಾಂಪ್ಟೊಥೆಸಿನ್‌ನಿಂದಲೇ ತಯಾರಿಸುವುದು ರೂಢಿ. ಬೇಡಿಕೆ ಏರಿದಂತೆ ಘಟ್ಟದಲ್ಲಿ ಮರ ಕಡಿಯುವುದೂ ಹೆಚ್ಚಿ, ಪ್ರಭೇದ ಅಪಾಯದ ಪಟ್ಟಿ ಸೇರಿತು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಆರ್. ವಾಸುದೇವ, ಬೆಂಗಳೂರಿನ ಆರ್. ಉಮಾಶಂಕರ್, ಕೆ. ಎನ್. ಗಣೇಶಯ್ಯ ಮತ್ತು ಸಂಗಡಿಗರು ಘಟ್ಟದ ಮರಗಳ ರಾಸಾಯನಿಕ ಸಮೀಕ್ಷೆ ನಡೆಸಿ 2008ರಲ್ಲಿ ಪ್ರಕಟಿಸಿದರು. ಹೆಚ್ಚು ಇಳುವರಿಯ ಮರಗಳನ್ನು ಗುರುತಿಸಿ ಬೆಳೆಸಿದರೆ ಕಾಡಿನ ಮೇಲಿನ ಒತ್ತಡ ತಗ್ಗುತ್ತದೆ ಎಂಬುದು ಈ ಕೆಲಸದ ಉದ್ದೇಶ. 2013ರ ಇನ್ನೊಂದು ಅಧ್ಯಯನ ಈ ಮರದ ಕುಟುಂಬಕ್ಕೇ ಸೇರಿದ ಬಳ್ಳಿ ಮಿಕ್ವೀಲಿಯ ಡೆಂಟಾಟದ ಹಣ್ಣು, ಬೀಜಗಳಲ್ಲಿ ಹೇರಳ ಕ್ಯಾಂಪ್ಟೊಥೆಸಿನ್ ಇರುವುದನ್ನು ದಾಖಲಿಸಿತು. ಬೀಜದಿಂದ ತೆಗೆಯುವುದಕ್ಕೆ ಬಳ್ಳಿಯನ್ನು ಕಡಿಯಬೇಕಿಲ್ಲ.