ಒಬ್ಬಳ ಅನ್ನ

ಹೋದ ವಾರ ಎದುರುಮನೆ ಅಕ್ಕ ಗೇಟಿನ ಹತ್ರ ನಿಂತು, "ಒಬ್ಬರೇ ಇರ್ತೀರಲ್ಲ, ಅಡುಗೆ ಅಂತ ಏನ್ ಮಾಡ್ಕೋತೀರಿ?" ಅಂತ ಕೇಳಿದ್ರು. "ಏನೋ ಒಂದು ಮಾಡ್ಕೋತೀನಿ" ಅಂದು ಒಳಗೆ ಬಂದೆ. ಆಮೇಲೆ ಅನ್ನಿಸ್ತು, ಸರಿಯಾಗಿ ಉತ್ತರ ಕೊಡಬೇಕಿತ್ತು. ನಮ್ಮ ಬಸವೇಶ್ವರನಗರದ ಈ ಒಂದೇ ಬೀದೀಲಿ ನನ್ನ ಹಾಗೆ ಒಬ್ಬೊಬ್ಬರೇ ಇರೋ ಹೆಂಗಸರು ಐದು ಜನ ಇದ್ದೀವಿ. ಅದಕ್ಕೇ ಇವತ್ತು ಒಬ್ಬಳಿಗೆ ಅನ್ನ ಮಾಡೋ ವಿಷಯ ಬರೀತಾ ಇದೀನಿ. ಸ್ವಲ್ಪ ಹಳೇ ಕಥೆಯೂ ಬರುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ನನ್ನ ತಪ್ಪು ಒಪ್ಪಿಕೋತೀನಿ. ನಮ್ಮ ಯಜಮಾನರು ಹೋದಮೇಲೆ ಆರು ತಿಂಗಳು ನಾನು ಕುಕ್ಕರಲ್ಲಿ ಒಂದು ಪಾವು ಅಕ್ಕೀನೇ ಇಡ್ತಾ ಇದ್ದೆ. ಕೈ ಆ ಅಳತೆಗೆ ಒಗ್ಗಿಹೋಗಿತ್ತು. ಇವತ್ತು ಮಾಡಿದ್ದು ನಾಳೆಗೆ, ನಾಳೆದು ನಾಡಿದ್ದಿಗೆ. ಫ್ರಿಜ್ಜಿಂದ ತೆಗೆದ ಅನ್ನ ನೋಡಿದ್ರೇ ಹಸಿವು ಹೋಗೋದು. ಆಮೇಲೆ ಬ್ರೆಡ್ಡು, ಕಾಫಿ. "ಒಬ್ಬಳಿಗೋಸ್ಕರ ಯಾಕೆ ಒಲೆ ಹಚ್ಚೋದು" ಅಂತ ನನಗೆ ನಾನೇ ಹೇಳ್ಕೊಂಡೆ. ಫೋನಲ್ಲಿ ಮಗಳು ಕೇಳಿದ್ರೆ "ಊಟ ಆಯ್ತಮ್ಮ" ಅಂತಿದ್ದೆ. ಡಾಕ್ಟರ ಹತ್ರ ತೂಕ ನೋಡಿದಾಗ ಏಳು ಕೆ.ಜಿ. ಇಳಿದಿತ್ತು. ಆವಾಗ ಭಯ ಆಯ್ತು.

ಮಾರನೇ ದಿನ ಪುಟ್ಟ ಪಾತ್ರೇಲಿ ಒಬ್ಬಳಿಗಾಗೋಷ್ಟು ಅಕ್ಕಿ ಇಟ್ಟೆ. ಒಂದಕ್ಕೆ ಎರಡು ನೀರು, ಅಮ್ಮ ಹೇಳಿಕೊಟ್ಟ ಲೆಕ್ಕ. ತಳ ಹತ್ತಿತು, ಮೇಲೆ ಅಕ್ಕಿ ಅಕ್ಕಿಯಾಗೇ ಇತ್ತು. ಎರಡನೇ ದಿನ ನೀರು ಜಾಸ್ತಿ ಹಾಕಿದೆ, ಮುದ್ದೆ ಆಯ್ತು. ಮೂರನೇ ದಿನ ಮತ್ತೆ ಸೀದುಹೋಯ್ತು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಒಂದು ಹಿಡಿ ಅನ್ನ ಮಾಡಕ್ಕೆ ಬರಲ್ವಲ್ಲ ಅಂತ ಅಳು ಬಂತು. ಸೀದ ಪಾತ್ರೆ ಉಜ್ಜುತ್ತಾ ನಿಂತಾಗ ನೆನಪಾದವಳು ನಮ್ಮಜ್ಜಿ, ಅಪ್ಪನ ತಾಯಿ. ಅವಳು ಜೀವಮಾನ ಪೂರ್ತಿ ಒಬ್ಬಳಿಗೇ ಅನ್ನ ಮಾಡ್ಕೊಂಡವಳು. ಒಂದು ದಿನವೂ ಸೀಯಿಸಿದ್ದು ನಾನು ಕಾಣೆ.

ಅಜ್ಜಿಯ ಊರು ಮಾಗಡಿ ಕಡೆ. ನಮ್ಮ ಸೀಮೇಲಿ ರಾಗಿ ನಿತ್ಯದ ಊಟ. ಅಕ್ಕಿ ಅನ್ನೋದು ಕೆರೆ ಕೆಳಗೆ ಗದ್ದೆ ಇದ್ದೋರ ಮನೇಲಿ, ಇಲ್ಲದಿದ್ರೆ ಹಬ್ಬಕ್ಕೆ, ನೆಂಟರಿಗೆ. 1930ರ ದಶಕದ ಮೊದಲಲ್ಲಿ ಕನ್ನಂಬಾಡಿ ಕಟ್ಟೆ ಮುಗಿದು ನಾಲೆಯ ನೀರು ಮಂಡ್ಯದ ಕಡೆ ಹರಿದ ಮೇಲೆ ಅಲ್ಲಿ ಭತ್ತ ಹೆಚ್ಚಾಯ್ತು. ನಾವು ಈಗ ತಿನ್ನೋ ಸೋನಾ ಮಸೂರಿ ಗಂಗಾವತಿ, ಸಿಂಧನೂರು ಕಡೆಯಿಂದ ಬರೋದು, 1953ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟಿನ ನೀರಿಂದ. ಮೂರು ಹೊತ್ತೂ ಅನ್ನ ಉಣ್ಣೋದು ನಮ್ಮ ಕಡೆ ಬಹಳ ಹಳೇದೇನಲ್ಲ ಅಂತ ಇದರಿಂದ ಗೊತ್ತಾಗುತ್ತೆ.

ಅಜ್ಜಿ ಗಂಡ ತೀರಿಕೊಂಡಿದ್ದು 1931ರಲ್ಲಿ. ಅಪ್ಪ ಆಗ ಕೈಕೂಸು. ಮೈದುನಂದಿರು ಪಾಲು ಮಾಡಿಕೊಂಡು, ಅಜ್ಜಿಗೆ ವರ್ಷಕ್ಕೆ ಮೂರು ಮೂಟೆ ಭತ್ತ ಜೀವನಾಂಶ ಅಂತ ಗೊತ್ತುಮಾಡಿದ್ರಂತೆ. ಅಲ್ಲಿಗೆ ಅವಳ ಪಾಲು ಅಂದ್ರೆ ಅವಳ ಹೊಟ್ಟೆಗೆ ಬೇಕಾದ ಕಾಳು, ಅಷ್ಟೆ. ಎರಡೇ ವರ್ಷ ಆದಮೇಲೆ, 1933ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಬಂತು. ಮನೆ ಪಾಲಾಗೋವಾಗ ವಿಧವೆಗೂ, ತಾಯಿಗೂ, ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಇದೆ ಅಂತ ಆ ಕಾಯಿದೆ ಹೇಳ್ತು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದ್ರೆ ನಮ್ಮಜ್ಜಿ ಮನೆ ಪಾಲು ಅಷ್ಟರಲ್ಲೇ ಮುಗಿದುಹೋಗಿತ್ತು. ಮೂಟೆ ಕೂಡ ಪ್ರತಿ ವರ್ಷ ಮೂರು ಬರಲಿಲ್ಲ ಅಂತ ಅಪ್ಪ ಹೇಳ್ತಿದ್ರು.

ವಿಧವೆ ಅಂದ್ರೆ ಮಡಿ, ಮಡಿ ಅಂದ್ರೆ ತನ್ನ ಅಡುಗೆ ತಾನೇ, ಅದೂ ಒಪ್ಪತ್ತು. ಮಧ್ಯಾಹ್ನ ಒಂದು ಸಲ ಅನ್ನ, ರಾತ್ರಿ ಅವಲಕ್ಕಿಯೋ ಹಣ್ಣೋ. ಅನ್ನಕ್ಕೆ ಅಂತ ಕಲಾಯಿ ಹಾಕಿಸಿದ ಒಂದು ಪುಟ್ಟ ಹಿತ್ತಾಳೆ ತಪ್ಪಲೆ ಇತ್ತು. ಅದನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ.

ಅಪ್ಪನಿಗೆ ಬೆಂಗಳೂರಲ್ಲಿ ಕಾರ್ಖಾನೆ ಕೆಲಸ ಸಿಕ್ಕಿ ರಾಜಾಜಿನಗರದ ಒಂದು ವಠಾರಕ್ಕೆ ಬಂದ್ರು. ರಾಜಗೋಪಾಲಾಚಾರಿಗಳು ಗವರ್ನರ್ ಜನರಲ್ ಆಗಿದ್ದ ಕಾಲಕ್ಕೆ, 1949ರ ಸುಮಾರಿಗೆ, ಅವರ ಹೆಸರಿಟ್ಟು ಶುರುಮಾಡಿದ ಬಡಾವಣೆ ಅದು. ಪಕ್ಕದಲ್ಲೇ ಕೈಗಾರಿಕೆ. ಈಗ ನೀವೆಲ್ಲ ಸಿನಿಮಾಕ್ಕೆ ಹೋಗೋ ಒರಾಯನ್ ಮಾಲ್ ಇರೋ ಜಾಗದಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇತ್ತು. ನಮ್ಮ ವಠಾರದ ತುದಿ ರೂಮುಗಳಲ್ಲಿ ಊರಿಂದ ಬಂದ ಬ್ರಹ್ಮಚಾರಿ ಹುಡುಗರು. ಅವರೂ ಸೀಮೆಎಣ್ಣೆ ಸ್ಟೌ ಮೇಲೆ ಒಬ್ಬೊಬ್ಬರಿಗೆ ಅನ್ನ ಮಾಡ್ಕೊಳ್ಳೋರು. ಮದುವೆ ಆದ್ರೆ ಆ ಕಷ್ಟ ಮುಗೀತು ಅನ್ನೋ ನಂಬಿಕೆ ಅವರಿಗಿತ್ತು. ಅಜ್ಜಿಗೆ ಅದು ಮುಗಿಯೋ ಕಷ್ಟ ಆಗಿರಲಿಲ್ಲ.

ಅಜ್ಜಿದು ಹೊಟ್ಟಿನ ಒಲೆ. ಮರ ಕೊಯ್ಯೋ ಮಿಲ್ಲಿಂದ ಹೊಟ್ಟು ತಂದು, ತಗಡಿನ ಡಬ್ಬದ ಮಧ್ಯ ಒಂದು ದೊಣ್ಣೆ ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ತುಂಬಿ, ದೊಣ್ಣೆ ಎಳೆದ್ರೆ ಉರಿಗೆ ದಾರಿ ಆಗೋದು. ಎಸರು ಕುದಿ ಬಂದಮೇಲೆ ತೊಳೆದ ಅಕ್ಕಿ ಹಾಕೋಳು. ನೀರಿಗೆ ಅಳತೆಯೇ ಇಲ್ಲ, ತಪ್ಪಲೆ ಮುಕ್ಕಾಲು ನೀರು. ಒಂದಗುಳು ತೆಗೆದು ಬೆರಳಲ್ಲಿ ಹಿಚುಕಿ ನೋಡಿ, ಸಿಬ್ಬಲು ಮುಚ್ಚಿ, ಬಟ್ಟೆ ಹಿಡಿದು ಗಂಜಿ ಬಸಿಯೋಳು. ಆ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ನನಗೂ ಒಂದು ಲೋಟ ಸಿಗೋದು. ಮಿಕ್ಕಿದ್ದು ಅಪ್ಪನ ಷರ್ಟಿಗೆ ಗಂಜಿ.

ಅಕ್ಕಿ ಮಾತ್ರ ಆಗ ಸುಲಭ ಇರಲಿಲ್ಲ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದು ಅಲ್ಲಿಂದ ಬರೋ ಅಕ್ಕಿ ನಿಂತಾಗಿನ ಕಷ್ಟವನ್ನ ಅಜ್ಜಿ ಹೇಳ್ತಾನೇ ಇದ್ದಳು. ರವೆ ಇಡ್ಲಿ ಹುಟ್ಟಿದ್ದೂ ಆ ಯುದ್ಧದ ಅಕ್ಕಿ ಅಭಾವದಲ್ಲೇ ಅಂತ ಮಾವಳ್ಳಿ ಟಿಫನ್ ರೂಮಿನೋರು ಹೇಳ್ತಾರೆ. 1965ರಲ್ಲಿ ಶಾಸ್ತ್ರೀಜಿ ಸೋಮವಾರ ರಾತ್ರಿ ಊಟ ಬಿಡಿ ಅಂತ ದೇಶಕ್ಕೆಲ್ಲ ಕೇಳಿಕೊಂಡಾಗ ನಾನು ಪುಟ್ಟ ಹುಡುಗಿ. ಮನೇಲಿ ಎಲ್ಲರೂ ಬಿಟ್ರು. ಅಜ್ಜಿ ನಕ್ಕು, "ನಾನು ಮೂವತ್ತನಾಲ್ಕು ವರ್ಷದಿಂದ ದಿನಾ ಬಿಟ್ಟಿದೀನಿ" ಅಂದ್ಲು. ಅಮ್ಮ ತಲೆ ತಗ್ಗಿಸಿದ್ದು ನೆನಪಿದೆ. ಆಗ ಯಾಕೆ ಅಂತ ತಿಳೀಲಿಲ್ಲ.

ಆಮೇಲೆ ಕುಕ್ಕರ್ ಬಂತು. ಇದರ ಮೂಲ 1679ರಷ್ಟು ಹಳೇದು, ಫ್ರಾನ್ಸಿನ ಡೆನಿ ಪಾಪಿನ್ ಅನ್ನೋನು ಮೂಳೆ ಬೇಯಿಸಕ್ಕೆ ಅಂತ ಮಾಡಿದ್ದ ಹಬೆ ಪಾತ್ರೆ. ನಮ್ಮ ದೇಶದಲ್ಲಿ ಪ್ರೆಸ್ಟೀಜ್, ಹಾಕಿನ್ಸ್ ಎರಡೂ 1959ರ ಸುಮಾರಿಗೆ ಶುರುವಾದವು. ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಇಲ್ಲಿ ತೆರೆದ ಪಾತ್ರೇಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಕುಕ್ಕರ್ ಒಳಗೆ 120ರ ಹತ್ರ ಹೋಗುತ್ತೆ. ಮೂರು ಪಾತ್ರೆ ಒಂದರ ಮೇಲೊಂದು, ಅನ್ನ, ಬೇಳೆ, ತರಕಾರಿ ಒಟ್ಟಿಗೆ. ಐದಾರು ಜನರ ಮನೆಗೆ ದೇವರು ಬಂದ ಹಾಗೆ ಆಯ್ತು.

ಗಂಜಿ ಬಸಿಯೋದು ತಪ್ಪು ಅಂತಲೂ ಆಗ ಶಾಲೇಲಿ ಹೇಳಿಕೊಡ್ತಿದ್ರು. ಅದರಲ್ಲಿ ನಿಜ ಇದೆ. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಅನ್ನೋ ಡಾಕ್ಟರು, ಪಾಲಿಷ್ ಅಕ್ಕಿ ತಿಂದ ಕೋಳಿಗಳು ಕಾಲು ಬಿದ್ದುಹೋಗಿ ನರಳೋದು, ತವುಡು ಕೊಟ್ರೆ ಸುಧಾರಿಸೋದು ಕಂಡ್ರು. ಬೆರಿಬೆರಿ ಕಾಯಿಲೆಯ ಗುಟ್ಟು ಅಲ್ಲಿಂದ ತಿಳೀತು, 1929ರಲ್ಲಿ ಅವರಿಗೆ ನೊಬೆಲ್ ಬಂತು. ತವುಡಿನಲ್ಲಿರೋ ಆ ಬಿ-1 ನೀರಲ್ಲಿ ಕರಗುತ್ತೆ, ಬಸಿದ್ರೆ ಗಂಜಿ ಜೊತೆ ಹೋಗುತ್ತೆ. ಆದ್ರೆ ನಮ್ಮಜ್ಜಿ ಗಂಜಿ ಚೆಲ್ಲಲಿಲ್ಲ, ಕುಡಿದ್ಲು.

ಜಪಾನಿನ ಒಂದು ವಿಷಯ ನಿಮಗೆ ಹೇಳಲೇಬೇಕು. 1955ರಲ್ಲಿ ತೋಷಿಬಾ ಕಂಪನಿ ಕರೆಂಟಿನ ರೈಸ್ ಕುಕ್ಕರ್ ಮಾರಕ್ಕೆ ಶುರುಮಾಡ್ತು. ಅದನ್ನ ಮಾಡಿಕೊಟ್ಟೋರು ಯೋಶಿತಾಡಾ ಮಿನಾಮಿ, ಆದ್ರೆ ದಿನಗಟ್ಟಲೆ ಅನ್ನ ಮಾಡಿ ಮಾಡಿ ಉರಿ ಎಷ್ಟು, ಹೊತ್ತು ಎಷ್ಟು ಅಂತ ಪರೀಕ್ಷೆ ಮಾಡಿದವರು ಅವರ ಹೆಂಡತಿ ಫುಮಿಕೋ. ಹೊರಗಿನ ಪಾತ್ರೆಯ ನೀರು ಆರಿದ ತಕ್ಷಣ ಬಿಸಿ ಏರಿ ಸ್ವಿಚ್ ತಾನಾಗೇ ಆಫ್ ಆಗೋ ಉಪಾಯ ಅದು. ಅನ್ನದ ವಿದ್ಯೆ ಎಲ್ಲ ದೇಶದಲ್ಲೂ ಹೆಂಗಸರ ಕೈಯಲ್ಲೇ ಇದ್ದದ್ದು ನೋಡಿ.

ಈಗ ನನ್ನ ಅನ್ನ ಯಾಕೆ ಕೆಡ್ತಿತ್ತು ಅಂತ ಹೇಳ್ತೀನಿ. ಹಾಕಿದ ನೀರೆಲ್ಲ ಅಕ್ಕಿ ಕುಡಿಯಲ್ಲ, ಒಂದಿಷ್ಟು ಆವಿಯಾಗಿ ಹೋಗುತ್ತೆ. ಆವಿ ಎಷ್ಟು ಹೋಗುತ್ತೆ ಅನ್ನೋದು ಪಾತ್ರೆಯ ಬಾಯಿ, ಉರಿ, ಹೊತ್ತು ಇವುಗಳ ಮೇಲೆ. ಅಕ್ಕಿ ಕಾಲುಭಾಗ ಆದ್ರೂ ಆವಿ ಕಾಲುಭಾಗ ಆಗಲ್ಲ. ಅದಕ್ಕೇ ನಾಲ್ಕು ಜನಕ್ಕೆ ಸರಿಹೋಗೋ ಒಂದಕ್ಕೆರಡು ಲೆಕ್ಕ ಒಬ್ಬಳಿಗೆ ಸರಿಹೋಗಲ್ಲ. ಅಜ್ಜಿಯ ದಾರೀಲಿ ಈ ಲೆಕ್ಕವೇ ಬೇಡ. ಒಬ್ಬಳಿಗೇ ಮಾಡ್ಕೊಂಡು ಬಂದವಳಿಗೆ ಅದು ಕೈಗೆ ಗೊತ್ತಿತ್ತು.

ಬಸಿಯೋದಾದ್ರೆ ಹೀಗೆ: ಸಣ್ಣ ಕಾಫಿ ಲೋಟದಲ್ಲಿ ಮುಕ್ಕಾಲು ಅಕ್ಕಿ ಎರಡು ಸಲ ತೊಳೆದು ಇಪ್ಪತ್ತು ನಿಮಿಷ ನೆನೆಸಿ. ಅದೇ ಲೋಟದಲ್ಲಿ ಐದು ಲೋಟ ನೀರು ಕುದಿಸಿ, ಅಕ್ಕಿ ಹಾಕಿ, ಮಧ್ಯದ ಉರಿ. ಹತ್ತು ನಿಮಿಷ ಆದಮೇಲೆ ಅಗುಳು ಹಿಚುಕಿ ನೋಡ್ತಾ ಇರಿ. ಒಳಗೆ ಬಿಳಿ ಚುಕ್ಕಿ ಇಲ್ಲ ಅಂದ್ರೆ ಬಸಿದು, ಮುಚ್ಚಿ, ಸಿಮ್ಮಲ್ಲಿ ಒಂದೇ ನಿಮಿಷ. ಆಮೇಲೆ ಐದು ನಿಮಿಷ ಹಾಗೇ ಬಿಡಿ.

ಕೈ ನಡುಗೋರು, ಬಸಿಯಕ್ಕೆ ಭಯ ಇರೋರು ಇಂಗಿಸಿಯೇ ಮಾಡಿ. ದಪ್ಪ ತಳದ, ಬಾಯಿ ಚಿಕ್ಕದಿರೋ ಪಾತ್ರೆ, ಬಿಗಿಯಾದ ಮುಚ್ಚಳ. ಒಂದಕ್ಕೆ ಎರಡೂವರೆ ನೀರು, ಅಕ್ಕಿ ಹಳೇದಾದ್ರೆ ಇನ್ನೊಂದು ಚೂರು. ಕುದಿ ಬಂದಮೇಲೆ ಸಣ್ಣ ಬರ್ನರಿಗೆ ಇಟ್ಟು ಸಿಮ್ಮಲ್ಲಿ ಹನ್ನೆರಡು ನಿಮಿಷ, ಆರಿಸಿ ಹತ್ತು ನಿಮಿಷ. ಮಧ್ಯ ಮುಚ್ಚಳ ತೆಗೆದು ಇಣುಕಬೇಡಿ.

ಒಮ್ಮೆ ಅಜ್ಜೀನ ಕೇಳಿದ್ದೆ, "ರಾತ್ರಿ ನಿನಗೆ ಹಸಿವಾಗಲ್ವಾ?" ಅಂತ. "ಅಭ್ಯಾಸ ಆಗಿದೆ ಮಗೂ" ಅಂದಿದ್ಲು. ಹಸಿವಿಲ್ಲ ಅಂತ ಅವಳು ಹೇಳಲಿಲ್ಲ ಅನ್ನೋದು ನನಗೆ ಈಗ, ಈ ವಯಸ್ಸಲ್ಲಿ ಹೊಳೀತು. ಅವಳ ಒಪ್ಪತ್ತು ಬೇರೆಯವರು ಹೇರಿದ್ದು. ನಾನು ಯಾರೂ ಹೇರದೇ, ಬರೀ ಸೋಮಾರಿತನ, ದುಃಖ ಅಂತ ಅದನ್ನೇ ಮಾಡ್ಕೊಂಡಿದ್ದೆ. ಅವಳ ತಪ್ಪಲೆ ಈಗ ನನ್ನ ಹತ್ರ ಇದೆ. ಕಲಾಯಿ ಹಾಕೋನು ಈಚೆಗೆ ನಮ್ಮ ಬೀದಿಗೆ ಬರೋದಿಲ್ಲ, ಹಾಗಾಗಿ ಅಡುಗೆಗೆ ಸ್ಟೀಲ್ ಪಾತ್ರೆ ಇಡ್ತೀನಿ, ತಪ್ಪಲೇಲಿ ಅಕ್ಕಿ ತುಂಬಿಟ್ಟಿದೀನಿ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಅದರಿಂದಲೇ ತೆಗೀತೀನಿ. ಎರಡು ಹೊತ್ತೂ ಬಿಸಿ ಅನ್ನ. ತೂಕ ಮೂರು ಕೆ.ಜಿ. ವಾಪಸ್ ಬಂದಿದೆ.

ಎದುರುಮನೆ ಅಕ್ಕ, ಇದು ನಿಮ್ಮ ಪ್ರಶ್ನೆಗೆ ಉತ್ತರ. ನೀವೂ ಒಬ್ಬರೇ ಇರ್ತೀರಲ್ಲ, ರಾತ್ರಿ ಏನ್ ಮಾಡ್ಕೋತೀರಿ ಅಂತ ನಾನು ತಿರುಗಿ ಕೇಳಲಿಲ್ಲ. ಈ ಗುರುವಾರ ಗಂಜಿ ಕುಡಿಯಕ್ಕೆ ಬನ್ನಿ, ಆವಾಗ ಕೇಳ್ತೀನಿ.